ಬಾಕಿಗೆ ಮಾಲೀಕರು ಯಾರು?

ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಚರಂಡಿ ನೀರು ರಸ್ತೆಗೆ ಬರುತ್ತಿರುವುದರ ಬಗ್ಗೆ ನಡೆದ ಸಭೆ. ಅದರಲ್ಲಿ ಅಧಿಕಾರಿಯೊಬ್ಬರು ‘ಸಿಬ್ಬಂದಿ ಈ ಸಮಸ್ಯೆಯ ಮಾಲೀಕತ್ವ ತೆಗೆದುಕೊಳ್ಳಬೇಕು’ ಅಂದರಂತೆ. ನಾನು ಆ ಸಾಲನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷದಿಂದ ‘ಮಾಲೀಕತ್ವ’ ಅನ್ನೋ ಪದವನ್ನು ದಿನಾ ಟೈಪ್ ಮಾಡುವವಳು ನಾನು. ಮನೆಗೆ ಬರೆದಿದ್ದೇನೆ, ಹೊಲಕ್ಕೆ ಬರೆದಿದ್ದೇನೆ, ಟ್ರ್ಯಾಕ್ಟರಿಗೆ ಬರೆದಿದ್ದೇನೆ. ಒಮ್ಮೆ ಒಂದು ಬಾವಿಯ ಆರಾಣೆ ಪಾಲಿಗೂ ಬರೆದುಕೊಟ್ಟಿದ್ದೇನೆ. ಚರಂಡಿ ಸಮಸ್ಯೆಯ ಮಾಲೀಕತ್ವ ಬರೆಸಿಕೊಳ್ಳಲು ಇನ್ನೂ ಯಾರೂ ಬಂದಿಲ್ಲ. ಬಂದರೆ ಸ್ಟಾಂಪ್ ಪೇಪರ್ ಖರ್ಚು ನನ್ನದೇ.

ನನ್ನ ಜಾಗ ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ. ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ನೆರಳು, ಒಂದು ಟೇಬಲ್. ಮೊದಲು ಆ ಟೇಬಲ್ ನಮ್ಮ ಮಾವನವರದ್ದು. ಅವರು ಅರ್ಜಿನವೀಸರು, ಅಂದರೆ ಜನರಿಗೆ ಅರ್ಜಿ ಬರೆದುಕೊಡುವವರು, ಉರ್ದು ಬಲ್ಲವರು. ಆಮೇಲೆ ನಮ್ಮ ಮನೆಯವರು ಕೂತರು. ಅವರು ಹೋದ ಮೇಲೆ ನಾನು. ಗೋದ್ರೇಜ್ ಮಷೀನಿನ ಮೇಲೆ ಕಲಿತವಳು, ಈಗ ಕಂಪ್ಯೂಟರಿನಲ್ಲಿ ‘ನುಡಿ’ ಹಾಕಿಕೊಂಡು ಬಡಿಯುತ್ತೇನೆ. ಹಳ್ಳಿಯವರು ನನಗೆ ‘ಟೈಪಿಂಗ್ ಬಾಯಿ’ ಅಂತಾರೆ. ಇಷ್ಟು ಪರಿಚಯ ಸಾಕು. ಹೇಳಬೇಕಾದ್ದು ಬೇರೆಯೇ ಇದೆ.

ಎರಡು ತಿಂಗಳ ಹಿಂದೆ ಜೇವರ್ಗಿ ಕಡೆಯ ಹಳ್ಳಿಯಿಂದ ಒಬ್ಬ ಹಿರಿಯ ಹೆಣ್ಣುಮಗಳು ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದರು. ನಾಲ್ಕು ಮಡಿಕೆ, ಮೂಲೆಯಲ್ಲಿ ಅರಿಶಿನದ ಕಲೆ. ಎಮ್ಮೆ ಕೊಳ್ಳಲು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದರು. ಕಂಪನಿಯ ಹೆಸರು ಇಲ್ಲಿ ಬೇಡ. ಸಾಲ ಇನ್ನೂ ಎಷ್ಟಿದೆ ಅಂತ ತಿಳಿಸುವ ಪತ್ರ ಅದು. ಮೇಲರ್ಧ ಇಂಗ್ಲಿಷ್, ಕೆಳಗರ್ಧ ಕನ್ನಡ.

‘ಬಾಯಿ, ಇದರಾಗ ನಾ ಮಾಲಕ ಅಂತ ಬರ್ದಾರಂತ. ಮೊಮ್ಮಗ ಓದಿ ಹೇಳ್ಯಾನ. ನೀ ಒಂದಿಷ್ಟು ನೋಡು’ ಅಂದರು.

ನೋಡಿದೆ. ಹಾಗೇ ಇತ್ತು. ‘ಅರ್ಜಿದಾರರು ಕಂಪನಿಗೆ ರೂ. 48,000 ಮೊತ್ತದ ಮಾಲೀಕರಾಗಿರುತ್ತಾರೆ.’

‘ಅಂದ್ರ ರೊಕ್ಕ ನಂದೇ ಆಯ್ತಲ್ಲ. ಮತ್ತ ಆ ಹುಡುಗ ತಿಂಗ್ಳಾ ಯಾಕ ಬಾಗಿಲಿಗಿ ಬಂದು ನಿಂದರ್ತಾನ?’

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ನನಗೆ ನಗು ಬಂದದ್ದು ಅವರು ಹೋದ ಮೇಲೆ.

ಮೇಲಿನ ಇಂಗ್ಲಿಷ್ ಓದಿದಾಗ ವಿಷಯ ತಿಳಿಯಿತು. ಅಲ್ಲಿ ‘ಓಸ್’ ಅಂತ ಇರಬೇಕಿತ್ತು, ಅಂದರೆ ಇಷ್ಟು ಕೊಡುವುದಿದೆ ಅಂತ. ಅದರ ಬದಲು ‘ಓನ್ಸ್’ ಅಂತ ಬಿದ್ದಿತ್ತು, ಅಂದರೆ ಇಷ್ಟು ತನ್ನದಾಗಿದೆ ಅಂತ. ನಾಲ್ಕು ಅಕ್ಷರದಲ್ಲಿ ಮೂರನೆಯದು ತಪ್ಪು. ‘ಇ’ ಇರಬೇಕಾದಲ್ಲಿ ‘ಎನ್’. ಆಮೇಲೆ ಯಾವುದೋ ಸಾಫ್ಟ್‌ವೇರು ಅದನ್ನು ಹಾಗೇ ನಂಬಿ ಕನ್ನಡ ಮಾಡಿದೆ. ಬಾಕಿಗೆ ಮಾಲೀಕರನ್ನು ಹುಟ್ಟಿಸಿದೆ.

ಟೈಪಿಸ್ಟಳಾಗಿ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಕೀಬೋರ್ಡಿನಲ್ಲಿ ‘ಇ’ ಮೇಲಿನ ಸಾಲಿನಲ್ಲಿದೆ, ಎಡಗೈ ನಡುಬೆರಳಿನದು. ‘ಎನ್’ ಕೆಳಸಾಲಿನಲ್ಲಿದೆ, ಬಲಗೈ ತೋರುಬೆರಳಿನದು. ಒಂದನ್ನು ಹೊಡೆಯಲು ಹೋಗಿ ಇನ್ನೊಂದಕ್ಕೆ ಬೆರಳು ಜಾರುವುದಿಲ್ಲ. ಹಾಗಾಗಿ ಇದು ಬೆರಳಿನ ತಪ್ಪಲ್ಲ. ಟೈಪ್ ಮಾಡಿದವರ ತಲೆಯೊಳಗೇ ಎರಡು ಪದ ಒಂದಾಗಿ ಕೂತಿವೆ.

ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ಬೀದರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಕೇಳಿ ತುಂಬಾ ಹೊತ್ತು ನಕ್ಕಳು. ಆಮೇಲೆ, ‘ಅವ್ವಾ, ಆ ಎರಡೂ ಪದ ಮೊದಲು ಒಂದೇ ಮನ್ಯಾಗ ಇದ್ದವು’ ಅಂದಳು.

ಅವಳು ಹೇಳಿದ್ದು ಹೀಗೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಆಗನ್’ ಅಂತ ಒಂದು ಕ್ರಿಯಾಪದ ಇತ್ತು. ತನ್ನದಾಗಿ ಇಟ್ಟುಕೊಂಡಿರು ಅಂತ ಅರ್ಥ. ಅದರಿಂದ ಬಂದ ‘ಆಗೆನ್’ ಅಂದರೆ ‘ತನ್ನದಾದ’. ಕಾಲ ಕಳೆದಂತೆ ಆ ಭಾಷೆಯಲ್ಲಿ ದೀರ್ಘ ‘ಆ’ ಹೋಗಿ ‘ಓ’ ಆಯಿತು. ‘ಹಾಮ್’ ಹೋಮ್ ಆಯಿತು, ‘ಸ್ಟಾನ್’ ಸ್ಟೋನ್ ಆಯಿತು. ನಡುವಿನ ‘ಗ’ ಸವೆದು ‘ವ’ ಆಯಿತು. ಹೀಗೆ ‘ಆಗೆನ್’ ಸವೆದು ‘ಓನ್’. ‘ಆಗನ್’ ಅನ್ನೋ ತಾಯಿಪದ ತಾನೇ ಸವೆದು ‘ಓ’, ಅಂದರೆ ಸಾಲ ಕೊಡುವುದಿರು. ಆ ತಾಯಿಪದದ ಭೂತಕಾಲದ ರೂಪ ‘ಆಹ್ತೆ’. ಅದೇ ಇವತ್ತಿನ ‘ಆಟ್’, ಮಾಡಬೇಕು ಅನ್ನುವ ಪದ. ನನ್ನದು, ಕೊಡುವುದಿದೆ, ಮಾಡಬೇಕು. ಮೂರೂ ಒಂದೇ ಹೊಟ್ಟೆಯ ಮಕ್ಕಳು.

‘ಇದ್ಹ್ಯಾಂಗ? ತನ್ನದು ಅನ್ನೋದು ಸಾಲ ಹ್ಯಾಂಗ ಆಯ್ತು?’ ಅಂದೆ.

‘ನೀ ದಿನಾ ಹ್ಯಾಂಗ ಮಾತಾಡ್ತಿ ನೋಡ್ಕೊ’ ಅಂದಳು.

ಹೌದಲ್ಲ! ನಮ್ಮಲ್ಲಿ ‘ಹ್ಯಾವ್’ ಅನ್ನೋ ಪದಕ್ಕೆ ಸರಿಯಾದ ಕ್ರಿಯಾಪದವೇ ಇಲ್ಲ. ‘ಹೊಂದಿರುತ್ತಾರೆ’ ಅನ್ನುವುದು ನಮ್ಮ ದಸ್ತಾವೇಜಿನ ಭಾಷೆ. ಮನೆಯಲ್ಲಿ ಯಾರೂ ‘ನಾನು ಎರಡು ಎಮ್ಮೆ ಹೊಂದಿದ್ದೇನೆ’ ಅನ್ನೋದಿಲ್ಲ. ‘ನಂಗ ಎರಡು ಎಮ್ಮಿ ಅದಾವ’ ಅಂತೀವಿ. ಕೈಯಲ್ಲಿರುವ ವಸ್ತು ಆದರೆ ‘ನನ್ನ ಬಲ್ಲಿ ಅದ’. ಸಾಲ ಆದರೆ? ‘ನಂದು ಅವರಿಗಿ ಐದು ಸಾವಿರ ಕೊಡೋದದ.’ ಅದೇ ‘ಅದ’. ಇಂಗ್ಲಿಷಿನವರು ‘ಇದೆ’ಯಿಂದ ‘ಕೊಡೋದಿದೆ’ಗೆ, ಅಲ್ಲಿಂದ ‘ಕೊಡಬೇಕು’ಗೆ ಹೋದರು. ನಾವೂ ಅದೇ ದಾರಿಯಲ್ಲಿ ಹೋಗಿದ್ದೇವೆ. ಅವರು ಒಂದೊಂದಕ್ಕೂ ಬೇರೆ ಹೆಸರಿಟ್ಟರು, ನಾವು ‘ಅದ’ ಒಂದರಲ್ಲೇ ಸಂಸಾರ ನಡೆಸಿದೆವು. ಅಷ್ಟೇ ವ್ಯತ್ಯಾಸ.

ಶೇಕ್ಸ್‌ಪಿಯರನ ಕಾಲದವರೆಗೂ ‘ಓ’ ಅನ್ನುವುದಕ್ಕೆ ತನ್ನದಾಗಿರು ಅಂತಲೇ ಅರ್ಥ ಉಳಿದಿತ್ತಂತೆ. ಅವನ ಪದ್ಯಗಳಲ್ಲಿ ನಿನ್ನ ಚೆಲುವನ್ನು ನೀನು ‘ಓ’ ಮಾಡ್ತೀಯ ಅನ್ನುವ ಥರದ ಮಾತು ಬರುತ್ತದೆ. ಸಾಲದ ಚೆಲುವು ಅಂತ ತಿಳಿಯಬಾರದು. ಅವನು ಸತ್ತದ್ದು 1616ರಲ್ಲಿ. ನಮ್ಮ ಫೈನಾನ್ಸ್ ಕಂಪನಿ ನಾನೂರು ವರ್ಷ ತಡವಾಗಿ ಹುಟ್ಟಿತು.

ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಪಹಣಿ, ಹೊಲದ ಸರ್ಕಾರಿ ದಾಖಲೆ. ನಮ್ಮ ಕಡೆ ಹೊಲ ಇರುವವರೆಲ್ಲ ಪಹಣಿಯನ್ನು ಕಾಲಂ ನಂಬರಿನಿಂದಲೇ ಮಾತಾಡುತ್ತಾರೆ. ‘ಒಂಬತ್ತರಾಗ ಯಾರ ಹೆಸರದ?’ ಒಂಬತ್ತು ಅಂದರೆ ಸ್ವಾಧೀನದಾರರ ಹೆಸರು. ಹನ್ನೆರಡರಲ್ಲಿ ಸಾಗುವಳಿ ಮಾಡುವವರು. ನಡುವೆ ಹನ್ನೊಂದು. ಅದರ ತಲೆಯ ಮೇಲೆ ಹಕ್ಕುಗಳು ಮತ್ತು ಋಣಗಳು ಒಟ್ಟಿಗೇ ಇವೆ. ಬ್ಯಾಂಕಿನ ಸಾಲ ತೆಗೆದರೆ ಬೋಜಾ ಬಂದು ಕೂರುವುದು ಅಲ್ಲೇ. ಒಂದೇ ಹಾಳೆಯಲ್ಲಿ ಓನ್ ಮತ್ತು ಓ ಎರಡು ಬೆರಳಿನ ಅಂತರದಲ್ಲಿ ಕೂತಿರುತ್ತವೆ. ಒಂಬತ್ತನ್ನು ನೋಡಿ ಖುಷಿಪಟ್ಟು ಹನ್ನೊಂದನ್ನು ನೋಡದೆ ಹೊಲ ಕೊಂಡವರು ನನ್ನ ಟೇಬಲ್ ಮುಂದೆ ಕೂತು ಅತ್ತಿದ್ದಾರೆ. ಅಂದ ಹಾಗೆ, ಪಹಣಿ ಅನ್ನೋದು ಮಾಲ್ಕಿ ಪತ್ರ ಅಲ್ಲ. ತಪ್ಪು ಅಂತ ಸಾಬೀತಾಗುವ ತನಕ ಸರಿ ಅಂತ ತಿಳಿಯುವ ದಾಖಲೆ, ಅಷ್ಟೇ. 1964ರ ಭೂಕಂದಾಯ ಕಾಯ್ದೆಯಲ್ಲೇ ಹಾಗಿದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬೋದಿಲ್ಲ.

ಬೋಜಾ ಅಂದರೆ ಹೊರೆ. ಹೊಲಕ್ಕೆ ಹೊರೆ ಹೊರಿಸುವ ಪದವನ್ನು ಯಾರು ಹುಡುಕಿದರೋ, ಅವರು ಸಾಲ ಮಾಡಿದವರೇ ಇರಬೇಕು.

ನಮ್ಮ ಮಾವನವರು ಇದ್ದಿದ್ದರೆ ಮಗಳ ಮಾತು ಕೇಳಿ ಬಿಡುತ್ತಿರಲಿಲ್ಲ. ಅವರಿಗೆ ಪದಗಳ ಹುಚ್ಚು. ನಿಜಾಮರ ಕಾಲದಲ್ಲಿ ಹುಡುಗನಾಗಿ ದಫ್ತರ್ ಹೊತ್ತವರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು, ಮರುವರ್ಷ ಜಹಗೀರುಗಳು ರದ್ದಾದದ್ದು, ಆಮೇಲೆ ಗೇಣಿದಾರರಿಗೆ ಕಾಗದ ಸಿಕ್ಕಿದ್ದು, ಎಲ್ಲಾ ನೋಡಿದ್ದರು. 1954-55ರ ಖಾಸ್ರಾ ಪಹಣಿಯ ಉರ್ದು ಅಕ್ಷರ ಓದಿಸಲು ಜನ ಯಾದಗಿರಿಯಿಂದಲೂ ಅವರ ಹತ್ತಿರ ಬರುತ್ತಿದ್ದರು. ಓದಿ ಹೇಳಿದರೆ ಒಂದು ಚಹಾ, ಬರೆದುಕೊಟ್ಟರೆ ಎರಡು ರೂಪಾಯಿ.

ಅವರು ಹೇಳುತ್ತಿದ್ದರು: ‘ಕಬ್ಜಾ ಅಂದ್ರ ಮುಷ್ಟಿ ತಂಗಿ, ಮುಷ್ಟಿ.’ ಅರಬ್ಬಿಯಲ್ಲಿ ಆ ಪದದ ಬೇರೇ ಹಿಡಿ, ಬಿಗಿ ಅಂತ. ಹೊಲ ಹಿಡಿದರೆ ಕಬ್ಜಾ. ಬಾಗಿಲನ್ನು ಚೌಕಟ್ಟಿಗೆ ಹಿಡಿಸುವ ತಿರುಗಣಿಯೂ ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಜಾ. ಹೊಟ್ಟೆ ಬಿಗಿದುಕೊಂಡರೆ ಹಕೀಮರ ಬಾಯಲ್ಲಿ ಕಬ್ಜ್. ಅದನ್ನು ಹೇಳುವಾಗ ಮಾವನವರು ಯಾವಾಗಲೂ ಒಂದು ಸಲ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದರು. ನಾನು ಸೊಸೆ, ನಗುವ ಹಾಗಿಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವಳು ಇನ್ನೊಂದು ಕೊಟ್ಟಳು. ಇಂಗ್ಲಿಷಿನ ‘ಹ್ಯಾವ್’ ಕೂಡ ಮೂಲದಲ್ಲಿ ಹಿಡಿ ಅನ್ನೋದೇ. ಲ್ಯಾಟಿನ್‌ನಲ್ಲಿ ‘ಹಾಬೆರೆ’ ಅಂತ ಒಂದು ಪದ ಇದೆ, ಅದಕ್ಕೂ ಅರ್ಥ ‘ತನ್ನ ಹತ್ತಿರ ಇಟ್ಟುಕೊಂಡಿರು’ ಅಂತಲೇ. ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲವಂತೆ. ಹ್ಯಾವ್‌ನ ನಿಜವಾದ ದಾಯಾದಿ ‘ಕಾಪೆರೆ’, ಹಿಡಿಯುವುದು. ಮತ್ತೆ ‘ಪೊಸೆಸ್’ ಅನ್ನೋದು ಲ್ಯಾಟಿನ್‌ನಲ್ಲಿ ಒಡೆಯನಾಗಿ ಕೂತುಕೊಳ್ಳುವುದು. ಒಬ್ಬರು ಹಿಡಿದರು, ಒಬ್ಬರು ಕೂತರು. ನಮ್ಮಲ್ಲಿ 1974ರಲ್ಲಿ ‘ಉಳುವವನೇ ಹೊಲದೊಡೆಯ’ ಅಂದೆವು. ಕೂತವನನ್ನು ಎಬ್ಬಿಸಿ ಬಗ್ಗಿದವನಿಗೆ ಕೊಟ್ಟೆವು. ಕಾಗದದ ಮೇಲಂತೂ ಕೊಟ್ಟೆವು.

ಜಹಗೀರು ಅಂದರೂ ಪಾರ್ಸಿಯಲ್ಲಿ ಜಾಗ ಹಿಡಿದದ್ದು ಅಂತಲೇ. ಜಮೀನ್ದಾರ, ಖಾತೇದಾರ, ಪಾಲುದಾರ ಇವುಗಳ ಬಾಲದಲ್ಲಿರುವ ‘ದಾರ’ ಅಂದರೆ ಇಟ್ಟುಕೊಂಡವನು, ಧರಿಸಿದವನು. ಅದು ನಮ್ಮ ಗಂಗಾಧರನ ‘ಧರ’ಕ್ಕೆ ಹತ್ತಿರದ ಸಂಬಂಧಿ. ಆತ ತಲೆಯ ಮೇಲೆ ಗಂಗೆ ಹೊತ್ತ, ಇವರು ಜಮೀನು ಹೊತ್ತರು.

ಆದರೆ ನನಗೆ ತುಂಬಾ ಹಿಡಿಸಿದ್ದು ಬೇರೆ ಸಂಗತಿ. ‘ಓನ್’ ಪದದ ಬೇರು ಇಂಗ್ಲಿಷಿನಾಚೆಗೂ ಹೋಗುತ್ತದೆ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ಐಗನ್’ ಅಂದರೆ ಸ್ವಂತ. ಇನ್ನೂ ಹಿಂದೆ ಹೋದರೆ ಆ ಬೇರು ನಮ್ಮ ಸಂಸ್ಕೃತದ ‘ಈಶ್’ ಧಾತುವಿನ ಜೊತೆ ಸೇರುತ್ತದೆ. ಒಡೆತನ ಮಾಡು, ಆಳು ಅಂತ ಅರ್ಥ. ಈಶ, ಈಶ್ವರ ಎಲ್ಲ ಅಲ್ಲಿಂದ ಬಂದವು. ಹಾಗಾದರೆ ನಾನು ದಿನಾ ಕೆಲಸ ಮುಗಿಸಿ ಹೋಗುವಾಗ ಕೈಮುಗಿಯುವ ಶರಣಬಸವೇಶ್ವರರ ಹೆಸರಿನ ಕೊನೆಯಲ್ಲೂ, ಫೈನಾನ್ಸ್ ಕಂಪನಿಯ ಆ ತಪ್ಪು ಪದದಲ್ಲೂ ಒಂದೇ ಬೀಜ ಇದೆ. ಮಗಳು ಹೇಳಿದಾಗ ಮೈ ಜುಂ ಅಂದಿತು.

ಶರಣಬಸವಪ್ಪನವರು ಅರಳಗುಂಡಗಿಯವರು. ಹೊಲ ಕಾಯಲು ಕೂತು ಕವಣೆ ಬೀಸುವ ಬದಲು ಹಕ್ಕಿಗಳನ್ನು ಕರೆದು ಕಾಳು ತಿನ್ನಿಸಿದರು, ಕುಡಿಯಲು ನೀರನ್ನೂ ಇಟ್ಟರು ಅಂತ ನಮ್ಮ ಕಡೆ ಹೇಳುತ್ತಾರೆ. ಆ ಹೊಲದ ಪಹಣಿಯಲ್ಲಿ ಹನ್ನೊಂದನೇ ಕಾಲಂ ಇದ್ದಿದ್ದರೆ ಗುಬ್ಬಿಗಳ ಹೆಸರು ಇರುತ್ತಿತ್ತೇನೋ.

ಇನ್ನು ಕನ್ನಡದ್ದೇ ಪದ ‘ಒಡೆಯ’. ಅದು ಮತ್ತು ‘ಒಡವೆ’ ಒಂದೇ ಬೇರಿನವು. ಒಡವೆ ಅಂದರೆ ಮೊದಲು ಬರೀ ಬಂಗಾರ ಅಲ್ಲ, ತನ್ನದಾದ ಯಾವ ವಸ್ತುವೂ ಒಡವೆಯೇ. ಆಮೇಲೆ ಮೈಮೇಲೆ ಹಾಕಿಕೊಳ್ಳುವುದಕ್ಕೆ ಮಾತ್ರ ನಿಂತಿತು. ಬಹುಶಃ ಹೆಂಗಸರ ಪಾಲಿಗೆ ತಮ್ಮದು ಅಂತ ಉಳಿದದ್ದು ಅದೊಂದೇ ಅಂತ ಇರಬೇಕು. ಇದು ನನ್ನ ಊಹೆ. ಯಾವ ನಿಘಂಟಿನಲ್ಲೂ ಹುಡುಕಬೇಡಿ.

ಈ ಊಹೆ ಸುಮ್ನೆ ಬಂದದ್ದಲ್ಲ. ಜನ ನನ್ನ ಮುಂದೆ ಕೂತು ಹೇಳಿ ಬರೆಸುವಾಗ ‘ನನ್ನ ಹೊಲ’ ಅನ್ನೋದಿಲ್ಲ. ‘ನಮ್ಮ ಹೊಲ’ ಅಂತಾರೆ. ‘ನಮ್ಮ ಮನಿ’, ‘ನಮ್ಮ ಎತ್ತು’, ‘ನಮ್ಮ ಮನ್ಯಾಗಿನವರು’. ಕೇಳಲು ಚೆಂದ. ದಸ್ತಾವೇಜಿನಲ್ಲಿ ಮಾತ್ರ ಅದು ನಡೆಯೋದಿಲ್ಲ. ‘ಸದರಿ ಜಮೀನು ನನ್ನ ಸ್ವಂತ ಮಾಲ್ಕಿ ಮತ್ತು ಕಬ್ಜೆಯಲ್ಲಿದ್ದು’ ಅಂತ ಬರೆಯಬೇಕು. ಆಗ ನಾನು ಕೇಳಲೇಬೇಕು, ‘ನಮ್ಮ ಅಂದ್ರ ಯಾರ್ದು ಅಣ್ಣಾ?’ ಅಲ್ಲಿಗೆ ಮಾತು ನಿಲ್ಲುತ್ತದೆ. ಅಣ್ಣ ತಮ್ಮನ ಮುಖ ನೋಡುತ್ತಾನೆ. ತಮ್ಮ ಬೇವಿನ ಮರ ನೋಡುತ್ತಾನೆ. ಎಷ್ಟೋ ಮನೆ ಒಡೆದದ್ದು ಆ ಪ್ರಶ್ನೆಯ ಆಚೆ ಈಚೆ. ನಾನು ಕೇಳದಿದ್ದರೆ ಸಬ್‌ರಿಜಿಸ್ಟ್ರಾರ್ ಕೇಳುತ್ತಾರೆ, ಬಿಡಿ.

ಅಕ್ಕತಂಗಿಯರು ಬರುವುದು ಕೊನೆಗೆ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಆದರೂ ಒಂದು ಸೀರೆ, ಒಂದು ಹೊತ್ತಿನ ಊಟ, ಬಸ್ಸಿನ ಖರ್ಚು. ‘ಖಾಸ್ ಅಣ್ಣಗ ಹ್ಯಾಂಗ ಇಲ್ಲ ಅನ್ಲಿ ಬಾಯಿ’ ಅಂತಾರೆ. ಈ ‘ಖಾಸ್’ ನೋಡಿ. ಒಡಹುಟ್ಟಿದ ಅಣ್ಣ ಅನ್ನುವುದಕ್ಕೂ ಅದೇ, ನಿಜಾಮರ ಸ್ವಂತ ಜಮೀನಿಗೆ ಇದ್ದ ‘ಸರ್ಫ್-ಎ-ಖಾಸ್’ ಅನ್ನೋ ಹೆಸರಿನಲ್ಲೂ ಅದೇ, ನಾವು ದಿನಾ ಬಳಸುವ ‘ಖಾಸಗಿ’ಯಲ್ಲೂ ಅದೇ. ಸ್ವಂತ ಅಂತ ಅರ್ಥ ಕೊಡುವ ಪದ ರಕ್ತಕ್ಕೂ ಆಗುತ್ತದೆ, ಜಮೀನಿಗೂ ಆಗುತ್ತದೆ. ಅಣ್ಣ ಖಾಸ್, ಹೊಲವೂ ಖಾಸ್. ತಂಗಿ ಹೆಬ್ಬೆಟ್ಟಿನ ಮಸಿ ಒರೆಸಿಕೊಂಡು ಬಸ್ಸಿಗೆ ಹೋಗುತ್ತಾಳೆ. ಈ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಪತ್ರ ಬೇರೆ ದಾರಿ ಹಿಡಿಯುತ್ತದೆ.

‘ಓನ್’ ಪದದ ಇನ್ನೊಂದು ಮುಖ ನನ್ನ ತಂಗಿಯ ಮಗನಿಂದ ತಿಳಿಯಿತು. ಹುಡುಗ ಮೊಬೈಲಿನಲ್ಲಿ ಆಟ ಆಡುತ್ತಾ ‘ಓನ್ ಮಾಡಿಬಿಟ್ಟೆ!’ ಅಂತ ಕೂಗಿದ. ಏನು ಕೊಂಡ್ಕೊಂಡಿ ಅಂತ ಕೇಳಿದೆ. ಏನೂ ಇಲ್ಲ, ಎದುರಿನವನನ್ನು ಸೋಲಿಸಿದನಂತೆ. ಸೋಲಿಸಿದರೆ ಅವನು ನಿನ್ನ ಸ್ವತ್ತು. ಅದನ್ನೇ ಕೆಲವರು ಇಂಗ್ಲಿಷಿನಲ್ಲಿ ‘ಓ’ ಅಕ್ಷರದ ಬದಲು ‘ಪಿ’ ಹಾಕಿ ಬರೆಯುತ್ತಾರೆ. ಅದು ಬೆರಳು ಜಾರಿ ಹುಟ್ಟಿದ ಪದ ಅಂತ ಹೇಳುತ್ತಾರೆ. ಇದನ್ನು ನಾನು ಒಪ್ಪುತ್ತೇನೆ. ಕೀಬೋರ್ಡಿನಲ್ಲಿ ‘ಓ’ ಪಕ್ಕದಲ್ಲೇ ‘ಪಿ’ ಇದೆ. ಉಂಗುರಬೆರಳಿನ ಕೆಲಸ ಕಿರುಬೆರಳಿಗೆ ಹೋದರೆ ಆಗುವ ತಪ್ಪು. ಇಂಥ ತಪ್ಪು ನಾನೇ ನೂರು ಮಾಡಿದ್ದೇನೆ.

ಫುಟ್‌ಬಾಲಿನಲ್ಲಿ ‘ಓನ್ ಗೋಲ್’ ಅಂದರೆ ನಮ್ಮ ಬಲೆಗೆ ನಾವೇ ಹೊಡೆದುಕೊಳ್ಳುವುದು. ‘ಆನ್ ಮೈ ಓನ್’ ಅಂದರೆ ಒಬ್ಬಳೇ, ಯಾರ ಆಸರೆಯೂ ಇಲ್ಲದೆ. ನಮ್ಮ ಮನೆಯವರು ತೀರಿಕೊಂಡ ವರ್ಷ ಒಂದು ಕಚೇರಿಯವರು ಫಾರಂನಲ್ಲಿ ನನ್ನ ಬಗ್ಗೆ ‘ಸ್ವಂತದ ಮೇಲೆ ವಾಸವಾಗಿರುತ್ತಾರೆ’ ಅಂತ ಬರೆದಿದ್ದರು. ಆಗ ಅದು ಯಾವ ಭಾಷೆ ಅಂತ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು.

ಮತ್ತೆ ‘ಓನ್ ಅಪ್’. ತಪ್ಪನ್ನು ನನ್ನದೇ ಅಂತ ಒಪ್ಪಿಕೊಳ್ಳುವುದು. ‘ಇದು ನನ್ನದು’ ಅಂತ ಹೇಳುವ ಪದವೇ ‘ಹೌದು, ನಾನೇ ಮಾಡಿದೆ’ ಅಂತಲೂ ಆಯಿತು. ನಮ್ಮ ಕಚೇರಿಗಳಲ್ಲಿ ಅದಕ್ಕೆ ಎರಡು ಪದ. ಹೊಲಕ್ಕೆ ಕಬ್ಜಾ, ತಪ್ಪಿಗೆ ಕಬೂಲ್. ಕೇಳಲು ಹತ್ತಿರ, ಅರಬ್ಬಿಯಲ್ಲಿ ಬೇರು ಬೇರೆ ಬೇರೆ. ಕಬ್ಜಾ ಅಂದರೆ ಹಿಡಿಯುವುದು, ಕಬೂಲ್ ಅಂದರೆ ಒಪ್ಪುವುದು. ಇಂಗ್ಲಿಷಿನವರ ಒಂದೇ ‘ಓನ್’ ಎರಡೂ ಕೆಲಸ ಮಾಡುತ್ತದೆ. ಅದಕ್ಕೇ ಅವರು ಸಮಸ್ಯೆಯ ‘ಓನರ್‌ಶಿಪ್’ ತೆಗೆದುಕೊಳ್ಳಿ ಅಂತ ಹೇಳಬಹುದು. ಆ ಭಾಷೆಯಲ್ಲಿ ಅದು ಕೂರುತ್ತದೆ. ಕನ್ನಡಕ್ಕೆ ಬಂದು ‘ಮಾಲೀಕತ್ವ’ ಆದರೆ ಅದರಲ್ಲಿ ಒಪ್ಪುವ ಅರ್ಥ ಇಲ್ಲ, ಹೊರುವ ಅರ್ಥವೂ ಇಲ್ಲ. ಮಾಲೀಕ ಅಂದರೆ ಅರಬ್ಬಿಯಲ್ಲಿ ಅರಸನ ಪದಕ್ಕೆ ಸಂಬಂಧಿ. ಚರಂ‌ಡಿಗೆ ಅರಸನಾಗಿ ಅಂದಂತೆ ಆಯಿತು. ನಮ್ಮಲ್ಲಿ ‘ಹೊಣೆ ಹೊರಬೇಕು’ ಅನ್ನೋ ಮಾತು ಇತ್ತಲ್ಲ? ‘ಮೈಮೇಲೆ ಹಾಕ್ಕೊಂಡು ಮಾಡಬೇಕು’ ಅಂದರೂ ಸಾಕಿತ್ತು. ಆ ಅಧಿಕಾರಿ ಇಂಗ್ಲಿಷಿನಲ್ಲೇ ಹೇಳಿರಬಹುದು. ಕನ್ನಡ ಮಾಡಿದ್ದು ನಿಮ್ಮ ಡೆಸ್ಕಿನವರು ಅಲ್ವಾ?

ನಿಮ್ಮ ಮೇಲೆ ಸಿಟ್ಟಿಲ್ಲ. ಪತ್ರಿಕೆಯಲ್ಲಿ ಬಂದರೆ ನಕ್ಕು ಪುಟ ತಿರುಗಿಸುತ್ತೇವೆ. ಸಾಲದ ಕಾಗದದಲ್ಲಿ ಬಂದರೆ ತಿರುಗಿಸಲು ಪುಟ ಇರೋದಿಲ್ಲ. ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲೇ ಪತ್ರ ಇರಬೇಕು ಅಂತ ಇಂಥ ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಂಪನಿ ಆ ನಿಯಮ ಪಾಲಿಸಿದೆ, ಕೆಳಗರ್ಧ ಕನ್ನಡ ಅಕ್ಷರವೇ ಇತ್ತು. ಅರ್ಥ ಮಾತ್ರ ಆಗಲಿಲ್ಲ. ನನ್ನ ಕೋರಿಕೆ ಇಷ್ಟೇ: ಇಂಗ್ಲಿಷಿನಲ್ಲಿ ಬರೆದು ಮಷೀನಿಗೆ ಹಾಕಿ ಕನ್ನಡ ಹಿಂಡುವುದನ್ನು ಬಿಡಿ. ಮೊದಲು ಕನ್ನಡದಲ್ಲಿ ಬರೆಯಿರಿ. ಬರೆದವರು ಒಂದು ಸಲ ಗಟ್ಟಿಯಾಗಿ ಓದಲಿ, ಕಚೇರಿಯ ಕಸ ಗುಡಿಸುವ ಹೆಣ್ಣುಮಗಳು ಕೇಳಲಿ. ಅವಳಿಗೆ ತಿಳಿದರೆ ಸಾಲಗಾರಳಿಗೂ ತಿಳಿಯುತ್ತದೆ. ಬೇಕಿದ್ದರೆ ಆಮೇಲೆ ಇಂಗ್ಲಿಷ್ ಮಾಡಿಕೊಳ್ಳಿ. ಆಗ ತಪ್ಪಾದರೆ ಅದು ಬೆಂಗಳೂರು, ಮುಂಬೈ ಆಫೀಸಿನವರ ತಲೆನೋವು. ನಮ್ಮದಲ್ಲ.

ಆ ಹೆಣ್ಣುಮಗಳ ಪರವಾಗಿ ಕಂಪನಿಗೆ ಒಂದು ಅರ್ಜಿ ಟೈಪ್ ಮಾಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಸೇರು ತೊಗರಿಬೇಳೆ ತಂದಿದ್ದರು, ಅದನ್ನು ಬಿಡಲಿಲ್ಲ. ಇಪ್ಪತ್ತು ದಿನದ ಮೇಲೆ ಹೊಸ ಕಾಗದ ಬಂತು. ‘ಅರ್ಜಿದಾರರು ಕಂಪನಿಗೆ ರೂ. 46,500 ಕೊಡುವುದು ಬಾಕಿ ಇರುತ್ತದೆ.’ ತಪ್ಪಿಲ್ಲದ ಕನ್ನಡ. ಯಾರೋ ಮನುಷ್ಯರೇ ಬರೆದಿದ್ದರು. ಅದನ್ನು ತೋರಿಸಲು ಮತ್ತೆ ನನ್ನ ಹತ್ತಿರ ಬಂದರು. ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲಿಂದೇ ಚಲೋ ಇತ್ತು ಬಾಯಿ’ ಅಂದರು.

ಹಳೆಯದನ್ನು ಏನು ಮಾಡಿದಿರಿ ಅಂತ ಕೇಳಿದೆ. ಹರಿದಿಲ್ಲವಂತೆ. ಎಮ್ಮೆಯ ಇನ್ಶೂರೆನ್ಸ್ ಕಾಗದದ ಜೊತೆ ಟ್ರಂಕಿನಲ್ಲಿ ಮಡಚಿ ಇಟ್ಟಿದ್ದಾರೆ.

ಇಂತಿ,
ಬೇವಿನ ಮರದ ಕೆಳಗಿನ ಟೈಪಿಂಗ್ ಬಾಯಿ,
ಕಲಬುರಗಿ